ಕರೆಂಟು ಹೋದ ಆ ಹತ್ತು ಮಿಲಿಸೆಕೆಂಡು: ಯುಪಿಎಸ್ ಪೆಟ್ಟಿಗೆಯೊಳಗೆ ಏನಾಗುತ್ತದೆ?

ಸಂಜೆ ಏಳು ಗಂಟೆಗೆ ಕರೆಂಟು ಹೋಗುತ್ತದೆ. ಫ್ಯಾನು ತಿರುಗುತ್ತಲೇ ಇದೆ, ಬಲ್ಬು ಒಮ್ಮೆ ಮಿಣುಕಿ ಸುಮ್ಮನಾಯಿತು. ಮೇಜಿನ ಮೇಲಿನ ಕಂಪ್ಯೂಟರ್ ಮಾತ್ರ ಆರಿಹೋಗಿ ಮತ್ತೆ ಮೊದಲಿನಿಂದ ಶುರುವಾಯಿತು. ಬ್ಯಾಟರಿ ಹೊಸದು, ಇನ್ವರ್ಟರೂ ಹೊಸದು. ಅದೇ ದಿನ ಮಧ್ಯಾಹ್ನ ಕರೆಂಟು ಹೋದಾಗ ಇದೇ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಮನೆಯಿಂದ ಕೆಲಸ ಮಾಡುವವರು ಹೆಚ್ಚಾದ ಮೇಲೆ ಈ ದೂರೂ ಹೆಚ್ಚಾಗಿದೆ. ರಿಪೇರಿಗೆ ಬಂದವರು ಬಹಳ ಸಲ ಬ್ಯಾಟರಿಯ ನೀರು ನೋಡಿ ಹೋಗುತ್ತಾರೆ. ಆದರೆ ತಪ್ಪು ಬ್ಯಾಟರಿಯದ್ದಲ್ಲ. ಬ್ಯಾಟರಿಗೂ ಪ್ಲಗ್ಗಿಗೂ ನಡುವೆ ಕೂತಿರುವ ಕನ್ವರ್ಟರ್ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾದರೆ, ಮಧ್ಯಾಹ್ನಕ್ಕೂ ಸಂಜೆಗೂ ಇರುವ ವ್ಯತ್ಯಾಸವನ್ನು ಅಂಕಿಯಲ್ಲೇ ಲೆಕ್ಕ ಹಾಕಬಹುದು.

ಮೊದಲು ಕೆಲವು ಪದಗಳು

ಗೋಡೆಯ ಪ್ಲಗ್ಗಿನಲ್ಲಿ ಬರುವುದು ಎಸಿ. ಅದರ ವೋಲ್ಟೇಜು ಏರಿ, ಇಳಿದು, ಸೊನ್ನೆ ದಾಟಿ ದಿಕ್ಕು ಬದಲಿಸಿ, ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ಈ ಒಂದು ಸುತ್ತಿಗೆ 20 ಮಿಲಿಸೆಕೆಂಡು ಬೇಕು. ಸೆಕೆಂಡಿಗೆ 50 ಸುತ್ತು, ಆದ್ದರಿಂದ 50 ಹರ್ಟ್ಸ್. ನಾವು ಹೇಳುವ 230 ವೋಲ್ಟ್ ಈ ಏರಿಳಿತದ ಒಂದು ಬಗೆಯ ಸರಾಸರಿ. ಅಲೆಯ ತುದಿ ಮುಟ್ಟುವುದು 325 ವೋಲ್ಟನ್ನು. ಈ 325ನ್ನು ನೆನಪಿಡಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಬ್ಯಾಟರಿ ಕೊಡುವುದು ಡಿಸಿ. ದಿಕ್ಕು ಬದಲಿಸದೆ ಒಂದೇ ಸಮನೆ ಹರಿಯುವ ವಿದ್ಯುತ್ತು ಅದು. ಒಂದು ರೂಪದ ವಿದ್ಯುತ್ತನ್ನು ಇನ್ನೊಂದು ರೂಪಕ್ಕೆ ತರುವ ಸರ್ಕ್ಯೂಟಿಗೆ ಪವರ್ ಕನ್ವರ್ಟರ್ ಎಂದು ಹೆಸರು. ಎಸಿಯನ್ನು ಡಿಸಿ ಮಾಡಿದರೆ ಅದು ರೆಕ್ಟಿಫೈಯರ್. ಡಿಸಿಯ ವೋಲ್ಟೇಜನ್ನು ಏರಿಸುವ, ಇಳಿಸುವ ಸರ್ಕ್ಯೂಟು ಡಿಸಿ-ಡಿಸಿ ಕನ್ವರ್ಟರ್. ಡಿಸಿಯನ್ನು ಎಸಿ ಮಾಡಿದರೆ ಇನ್ವರ್ಟರ್. ನಮ್ಮಲ್ಲಿ ಚಾರ್ಜರ್, ರಿಲೇ (ಮನೆಯ ವೈರನ್ನು ಕರೆಂಟಿನಿಂದ ಬ್ಯಾಟರಿ ಕಡೆಗೆ ತಾನಾಗಿ ಬದಲಿಸುವ ಸ್ವಿಚ್ಚು) ಎಲ್ಲ ಸೇರಿದ ಇಡೀ ಪೆಟ್ಟಿಗೆಗೇ ಇನ್ವರ್ಟರ್ ಅನ್ನುವ ರೂಢಿ ಇದೆ. ವಾಸ್ತವದಲ್ಲಿ ಅದು ಯುಪಿಎಸ್ಸೇ (ಕರೆಂಟು ಹೋದರೂ ವಿದ್ಯುತ್ತು ಕಡಿಯದಂತೆ ನೋಡಿಕೊಳ್ಳುವ ಸಾಧನ), ಕರೆಂಟಿಗೆ ಬದಲಾಗಿ ಬ್ಯಾಟರಿಯನ್ನು ತಂದು ನಿಲ್ಲಿಸಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೆ.

12 ವೋಲ್ಟಿನ ಬೆಲೆ 60 ಆಂಪ್

ಒಂದು ಮನೆಯ ಲೋಡು ಹೀಗಿರಲಿ: 75 ವ್ಯಾಟಿನ ನಾಲ್ಕು ಫ್ಯಾನು, 10 ವ್ಯಾಟಿನ ಐದು ಎಲ್‌ಇಡಿ ಬಲ್ಬು, ಟಿವಿ ಮತ್ತು ರೂಟರ್ ಸೇರಿ 100 ವ್ಯಾಟ್, ಕಂಪ್ಯೂಟರಿಗೆ 150 ವ್ಯಾಟ್. ಒಟ್ಟು 600 ವ್ಯಾಟ್.

ಇದು 230 ವೋಲ್ಟಿನಲ್ಲಿ ಎಳೆಯುವುದು ಬರೀ 2.6 ಆಂಪ್, ಸಾಮಾನ್ಯ ತೆಳು ವೈರು ಸಾಕು. ಅದೇ ಶಕ್ತಿಯನ್ನು 12 ವೋಲ್ಟಿನ ಬ್ಯಾಟರಿಯಿಂದ ತೆಗೆಯಬೇಕಾದರೆ, ಕನ್ವರ್ಟರಿನ ದಕ್ಷತೆ ಶೇ. 85 ಎಂದಿಟ್ಟುಕೊಂಡರೂ, 59 ಆಂಪ್ ಬೇಕು. ಬ್ಯಾಟರಿ ಖಾಲಿಯಾಗುತ್ತಾ 10.5 ವೋಲ್ಟಿಗೆ ಇಳಿದಾಗ 67 ಆಂಪ್. ವೋಲ್ಟೇಜು ಇಳಿದಂತೆ ಆಂಪ್ ಏರುತ್ತದೆ ಎಂಬುದನ್ನು ಗಮನಿಸಿ. ಬ್ಯಾಟರಿ ಸುಸ್ತಾದ ಹೊತ್ತಿನಲ್ಲೇ ಕನ್ವರ್ಟರ್ ಅದರಿಂದ ಹೆಚ್ಚು ಎಳೆಯುತ್ತದೆ.

ಬಿಸಿ ಹೆಚ್ಚುವುದು ಆಂಪಿನ ವರ್ಗದ ಲೆಕ್ಕದಲ್ಲಿ. ಬ್ಯಾಟರಿ ಒಂದೂವರೆ ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ ವೈರು 3 ಮೀಟರ್. 10 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲಾದರೆ ದಾರಿಯಲ್ಲಿ ಕಳೆಯುವುದು 0.32 ವೋಲ್ಟ್, 19 ವ್ಯಾಟ್. ದುಡ್ಡು ಉಳಿಸಲು 4 ಚದರ ಮಿಲಿಮೀಟರಿನ ವೈರು ಹಾಕಿದರೆ 0.8 ವೋಲ್ಟ್, 48 ವ್ಯಾಟ್. ನಷ್ಟ ವ್ಯಾಟಿನದ್ದು ಮಾತ್ರವಲ್ಲ. ಬ್ಯಾಟರಿಯಲ್ಲಿ ಇನ್ನೂ 11.3 ವೋಲ್ಟ್ ಇರುವಾಗಲೇ ಇನ್ವರ್ಟರಿಗೆ 10.5 ಕಾಣಿಸುತ್ತದೆ, 'ಲೋ ಬ್ಯಾಟರಿ' ಎಂದು ಕೂಗಿ ನಿಂತುಬಿಡುತ್ತದೆ. ದೊಡ್ಡ ಇನ್ವರ್ಟರುಗಳಿಗೆ ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಮಾಡುವುದು ಇದಕ್ಕೇ: ಆಂಪ್ ಅರ್ಧಕ್ಕಿಳಿಯುತ್ತದೆ, ವೈರಿನ ಬಿಸಿ ಕಾಲು ಭಾಗಕ್ಕೆ.

ಬ್ಯಾಟರಿಯ ಮೇಲೆ ಬರೆದ 150 ಎಎಚ್ (ಆಂಪಿಯರ್-ಅವರ್, ಎಷ್ಟು ಆಂಪ್ ಎಷ್ಟು ಗಂಟೆ ಎಂಬ ಲೆಕ್ಕ) ಕೂಡ 59 ಆಂಪಿಗೆ ಅನ್ವಯಿಸುವುದಿಲ್ಲ. ಸಿ20 ಎಂದು ಬರೆದಿದ್ದರೆ ಅದು 20 ಗಂಟೆಯ ಲೆಕ್ಕ, ಅಂದರೆ 7.5 ಆಂಪಿನಂತೆ ನಿಧಾನವಾಗಿ ತೆಗೆದರೆ ಸಿಗುವಷ್ಟು. ಇಷ್ಟು ರಭಸದಲ್ಲಿ ಎಳೆದರೆ ಸಿಗುವುದು ಹೆಚ್ಚುಕಡಿಮೆ 90 ಎಎಚ್. ಅಂದರೆ ಒಂದೂವರೆ ಗಂಟೆಯ ಆಸುಪಾಸು.

ವೋಲ್ಟೇಜು ಎತ್ತಲು ಎರಡು ದಾರಿ

12ರಿಂದ 230ಕ್ಕೆ ಏರಿಸಲು ಟ್ರಾನ್ಸ್‌ಫಾರ್ಮರ್ ಬೇಕು. ಬಾವಿಯಿಂದ ನೀರೆತ್ತುವುದನ್ನು ನೆನಪಿಸಿಕೊಳ್ಳಿ. ಕಪಿಲೆಯಲ್ಲಿ ದೊಡ್ಡ ಬಾನೆ ನಿಧಾನವಾಗಿ ಒಂದೊಂದೇ ಸಲ ಮೇಲೆ ಬರುತ್ತದೆ. ಸಣ್ಣ ಚೊಂಬಿನಲ್ಲೂ ಅಷ್ಟೇ ನೀರೆತ್ತಬಹುದು, ಬಹಳ ಬೇಗ ಬೇಗ ಇಳಿಸಿ ಎತ್ತುತ್ತಿರಬೇಕು. ಟ್ರಾನ್ಸ್‌ಫಾರ್ಮರ್ ಕೂಡ ಹಾಗೆಯೇ. ಸೆಕೆಂಡಿಗೆ 50 ಸಲ ಮಾತ್ರ ಎತ್ತುವುದಾದರೆ ಸುರುಳಿಯ ನಡುವೆ ಕಬ್ಬಿಣದ ದೊಡ್ಡ ಕೋರು (ತಿರುಳು) ಬೇಕು, ಪೆಟ್ಟಿಗೆ ಹತ್ತಾರು ಕಿಲೋ ತೂಗುತ್ತದೆ. 50,000 ಸಲ ಎತ್ತುವುದಾದರೆ ಅಂಗೈಯಲ್ಲಿ ಹಿಡಿಯುವ ಫೆರೈಟ್ (ಕಬ್ಬಿಣದ ಆಕ್ಸೈಡಿನ ಪಿಂಗಾಣಿಯಂಥ ವಸ್ತು) ಕೋರು ಸಾಕು.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಕಬ್ಬಿಣದ್ದೇ. ಅದರಲ್ಲಿ ನಾಲ್ಕು ಸ್ವಿಚ್ಚುಗಳ ಒಂದು ಬ್ರಿಜ್ಜು (ಎರಡು ಬದಿ, ಒಂದೊಂದರಲ್ಲಿ ಮೇಲೊಂದು ಕೆಳಗೊಂದು ಸ್ವಿಚ್ಚು) ಬ್ಯಾಟರಿಯ ಡಿಸಿಯನ್ನು ಕಡಿಮೆ ವೋಲ್ಟಿನ ಎಸಿಯಾಗಿಸುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು 230ಕ್ಕೆ ಏರಿಸುತ್ತದೆ. ಹವ್ಯಾಸಕ್ಕೆ ಇನ್ವರ್ಟರ್ ಕಟ್ಟುವವರು ಎಡವುವುದು ಇಲ್ಲೇ. ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ಜೋಡಿಸುತ್ತಾರೆ, ಸೈನ್ ವೇವ್ (ಗೋಡೆಯ ಪ್ಲಗ್ಗಿನಲ್ಲಿ ಬರುವಂತೆ ನಯವಾಗಿ ಏರಿಳಿಯುವ ಅಲೆ) ಕೊಡುತ್ತಾರೆ, ಹೊರಗೆ 140 ವೋಲ್ಟ್ ಮಾತ್ರ ಬರುತ್ತದೆ. ಕಾರಣ ಸರಳ: ಖಾಲಿಯಾಗುತ್ತಿರುವ ಬ್ಯಾಟರಿಯಲ್ಲಿ ಸಿಗುವುದು 10.5 ವೋಲ್ಟ್. ಅಲೆಯ ತುದಿ ಅದಕ್ಕಿಂತ ಮೇಲೆ ಹೋಗಲಾರದು. 10.5ನ್ನು 1.414ರಿಂದ (325ಕ್ಕೂ 230ಕ್ಕೂ ಇರುವ ಅನುಪಾತ ಇದೇ) ಭಾಗಿಸಿದರೆ 7.4. ಸ್ವಿಚ್ಚು ಮತ್ತು ವೈರಿನ ನಷ್ಟ ಕಳೆದರೆ 7 ವೋಲ್ಟ್. ಆದ್ದರಿಂದ ಸೈನ್ ವೇವ್ ಇನ್ವರ್ಟರಿನ ಟ್ರಾನ್ಸ್‌ಫಾರ್ಮರ್ 7 ವೋಲ್ಟಿನಿಂದ 230ಕ್ಕೆ ಏರಿಸುವಂತಿರಬೇಕು, ಸುತ್ತುಗಳ ಅನುಪಾತ ಒಂದಕ್ಕೆ 33. 600 ವ್ಯಾಟಿಗೆ ಆ 7 ವೋಲ್ಟಿನ ಸುರುಳಿಯಲ್ಲಿ ಹರಿಯುವುದು ಸುಮಾರು 86 ಆಂಪ್. ಅದಕ್ಕೇ ಆ ಸುರುಳಿಗೆ ತಂತಿಯ ಬದಲು ದಪ್ಪ ಪಟ್ಟಿ ಸುತ್ತಿರುತ್ತಾರೆ.

ಫೆರೈಟ್ ದಾರಿಯಲ್ಲಿ ಮೊದಲು 12 ವೋಲ್ಟನ್ನು 400 ವೋಲ್ಟ್ ಡಿಸಿ ಮಾಡಿ, ಅಲ್ಲಿಂದ ಎಸಿ ಮಾಡುತ್ತಾರೆ. 2 ಚದರ ಸೆಂಟಿಮೀಟರ್ ಕೋರಿಗೆ 50 ಕಿಲೋಹರ್ಟ್ಸ್‌ನಲ್ಲಿ 12 ವೋಲ್ಟಿನ ಬದಿಗೆ ಎರಡೇ ಸುತ್ತು ಸಾಕು. ಆದರೆ ಆ ವೇಗದಲ್ಲಿ ವಿದ್ಯುತ್ತು ತಾಮ್ರದ ಮೇಲ್ಮೈಯಲ್ಲಿ ಸುಮಾರು 0.3 ಮಿಲಿಮೀಟರ್ ಆಳದವರೆಗೆ ಮಾತ್ರ ಚೆನ್ನಾಗಿ ಹರಿಯುತ್ತದೆ. ದಪ್ಪ ತಂತಿಯ ಒಳಭಾಗ ದಂಡ. ತೆಳು ತಾಮ್ರದ ಹಾಳೆ ಅಥವಾ ಬಿಡಿಬಿಡಿಯಾಗಿ ವಾರ್ನಿಶ್ ಹಚ್ಚಿದ ಹಲವು ಎಳೆಗಳ ತಂತಿಯನ್ನೇ ಸುತ್ತಬೇಕು. ಹಗುರ, ಚಿಕ್ಕದು, ಹೌದು. ಮಿಕ್ಸಿಯಂಥ ಲೋಡು ಒಮ್ಮೆಲೇ ಎಳೆದರೆ ತಡೆದುಕೊಳ್ಳುವ ಒರಟುತನ ಮಾತ್ರ ಕಬ್ಬಿಣದ ಪೆಟ್ಟಿಗೆಗೇ ಹೆಚ್ಚು.

ಸ್ವಿಚ್ಚು: ಮಾಸ್ಫೆಟ್ಟೋ ಐಜಿಬಿಟಿಯೋ

ಸ್ವಿಚ್ಚಿನ ಕೆಲಸ ಮಾಡುವುದು ಟ್ರಾನ್ಸಿಸ್ಟರುಗಳು, ಮಾಸ್ಫೆಟ್ ಮತ್ತು ಐಜಿಬಿಟಿ ಎಂಬ ಎರಡು ಬಗೆಯವು. ಮಾಸ್ಫೆಟ್ ಆನ್ ಆದಾಗ ಒಂದು ಸಣ್ಣ ರೆಸಿಸ್ಟರಿನಂತೆ ವರ್ತಿಸುತ್ತದೆ. ಐಜಿಬಿಟಿ ಎಷ್ಟೇ ಆಂಪ್ ಹರಿದರೂ 1.8 ವೋಲ್ಟಿನಷ್ಟನ್ನು ತಾನೇ ನುಂಗುತ್ತದೆ. ಯಾವುದು ಎಲ್ಲಿ ಎಂಬುದು ಇದರಿಂದಲೇ ನಿರ್ಧಾರವಾಗುತ್ತದೆ.

ರಿಪೇರಿಯವರ ಬಾಯಲ್ಲಿ '3205' ಎಂದು ಓಡಾಡುವ ಮಾಸ್ಫೆಟ್ 55 ವೋಲ್ಟಿನದ್ದು, ಆನ್ ಆದಾಗ ಅದರ ರೆಸಿಸ್ಟೆನ್ಸು 8 ಮಿಲಿಓಮ್. ನಾಲ್ಕನ್ನು ಪಕ್ಕಪಕ್ಕ ಜೋಡಿಸಿದರೆ 2 ಮಿಲಿಓಮ್. ಬ್ರಿಜ್ಜಿನಲ್ಲಿ ವಿದ್ಯುತ್ತು ಒಂದೇ ಹೊತ್ತಿಗೆ ಎರಡು ಸ್ವಿಚ್ಚು ದಾಟುತ್ತದೆ, ಹಾಗಾಗಿ 4 ಮಿಲಿಓಮ್. 86 ಆಂಪಿಗೆ ಸುಮಾರು 30 ವ್ಯಾಟ್ ಬಿಸಿ. ಮಾಸ್ಫೆಟ್ ಕಾದ ಮೇಲೆ ಇದು 45ಕ್ಕೂ ಏರಬಹುದು. ಇಲ್ಲೇ ಐಜಿಬಿಟಿ ಹಾಕಿದ್ದರೆ ಸುಮಾರು 280 ವ್ಯಾಟ್ ಸುಡುತ್ತಿತ್ತು, ಹತ್ತು ಹನ್ನೆರಡು ವೋಲ್ಟಿನಲ್ಲಿ 3.6 ವೋಲ್ಟ್ ಸ್ವಿಚ್ಚಿಗೇ ಹೋಗುತ್ತಿತ್ತು. 400 ವೋಲ್ಟಿನ ಬದಿಯಲ್ಲಿ ಲೆಕ್ಕ ತಿರುಗುತ್ತದೆ: ಅಲ್ಲಿ 3.6 ವೋಲ್ಟ್ ಶೇಕಡಾ ಒಂದೂ ಆಗುವುದಿಲ್ಲ, ಐಜಿಬಿಟಿ ಸಲೀಸಾಗಿ ಕೂರುತ್ತದೆ.

ಈ ಐಜಿಬಿಟಿಗೆ ನಮ್ಮೂರಿನ ನಂಟಿದೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಅದನ್ನು ರೂಪಿಸಿದ ಬಿ. ಜಯಂತ್ ಬಾಳಿಗ ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ. 2024ರ ಮಿಲೆನಿಯಂ ಟೆಕ್ನಾಲಜಿ ಪ್ರಶಸ್ತಿ ಇದೇ ಕೆಲಸಕ್ಕಾಗಿ ಅವರಿಗೆ ಸಂದಿತು.

ಬ್ರಿಜ್ಜಿನ ಒಂದು ಬದಿಯ ಮೇಲಿನ ಮತ್ತು ಕೆಳಗಿನ ಸ್ವಿಚ್ಚು ಒಟ್ಟಿಗೆ ಆನ್ ಆದರೆ ಬ್ಯಾಟರಿ ನೇರ ಶಾರ್ಟ್. ಟ್ರಾನ್ಸಿಸ್ಟರ್ ಆಫ್ ಆಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದ್ದರಿಂದ ಒಂದನ್ನು ಆರಿಸಿ, ಒಂದೆರಡು ಮೈಕ್ರೋಸೆಕೆಂಡು ಕಾದು, ಆಮೇಲೆ ಇನ್ನೊಂದನ್ನು ಹೊತ್ತಿಸಬೇಕು. ಒಂಟಿ ಹಳಿಯ ಮಾರ್ಗದಲ್ಲಿ ಈ ಗಾಡಿ ನಿಲ್ದಾಣ ಸೇರಿದ ಮೇಲಷ್ಟೇ ಎದುರಿನ ಗಾಡಿಗೆ ಹಸಿರು ತೋರಿಸುವಂತೆ. ಈ ಬಿಡುವಿಗೆ ಡೆಡ್ ಟೈಮ್ ಎಂದು ಹೆಸರು. ಕಡಿಮೆಯಾದರೆ ಮಾಸ್ಫೆಟ್ ಸಿಡಿಯುತ್ತದೆ, ಹೆಚ್ಚಾದರೆ ಅಲೆಯ ಆಕಾರ ಸೊನ್ನೆಯ ಬಳಿ ಕೆಡುತ್ತದೆ.

ಚೌಕದಿಂದ ಅಲೆಗೆ

ಆನ್ ಮತ್ತು ಆಫ್ ಬಿಟ್ಟು ಬೇರೇನೂ ಗೊತ್ತಿಲ್ಲದ ಸ್ವಿಚ್ಚಿನಿಂದ ನಯವಾದ ಅಲೆ ಹೇಗೆ ಬರುತ್ತದೆ?

ಅಗ್ಗದ ದಾರಿ ಎಂದರೆ 10 ಮಿಲಿಸೆಕೆಂಡು ಒಂದು ದಿಕ್ಕು, 10 ಮಿಲಿಸೆಕೆಂಡು ಇನ್ನೊಂದು ದಿಕ್ಕು. ಇದೇ ಸ್ಕ್ವೇರ್ ವೇವ್. ಅದರಲ್ಲಿ 50 ಹರ್ಟ್ಸ್ ಜೊತೆಗೆ 150, 250, 350 ಹರ್ಟ್ಸ್ ಹೀಗೆ ಬೇಡದ ಅಲೆಗಳೂ ಸೇರಿಕೊಂಡಿರುತ್ತವೆ. 150 ಹರ್ಟ್ಸಿನದ್ದೊಂದೇ ಮೂಲ ಅಲೆಯ ಮೂರನೇ ಒಂದು ಭಾಗದಷ್ಟಿರುತ್ತದೆ. ಫ್ಯಾನು ಗುಂಯ್‌ಗುಡುವುದು ಇದರಿಂದ. ಇನ್ನೊಂದು ತೊಂದರೆ: ಚೌಕದ ತುದಿ 230 ವೋಲ್ಟಿನಲ್ಲೇ ಚಪ್ಪಟೆಯಾಗಿ ನಿಂತಿರುತ್ತದೆ, 325 ಮುಟ್ಟುವುದಿಲ್ಲ.

ಸೈನ್ ವೇವ್ ಮಾಡಲು ಸ್ವಿಚ್ಚನ್ನು ಸೆಕೆಂಡಿಗೆ 20,000 ಸಲ ಆಡಿಸುತ್ತಾರೆ. ಒಂದೊಂದು ಆಟಕ್ಕೆ 50 ಮೈಕ್ರೋಸೆಕೆಂಡು ಸಿಗುತ್ತದೆ, ಅಲೆಯ ಅರ್ಧ ಸುತ್ತಿನಲ್ಲಿ ಇಂಥ 200 ಆಟಗಳು. ಹಿಂದಿರುವುದು 400 ವೋಲ್ಟ್ ಡಿಸಿ ಎಂದುಕೊಳ್ಳಿ. ಈ ಕ್ಷಣಕ್ಕೆ 100 ವೋಲ್ಟ್ ಬೇಕಿದ್ದರೆ 50ರಲ್ಲಿ 12.5 ಮೈಕ್ರೋಸೆಕೆಂಡು ಆನ್, ಮಿಕ್ಕಿದ್ದು ಆಫ್. ತುದಿಯ 325 ಬೇಕಾದಾಗ 41 ಮೈಕ್ರೋಸೆಕೆಂಡು ಆನ್. ಆನ್ ಇರುವ ಹೊತ್ತನ್ನು ಹೀಗೆ ಹಿಗ್ಗಿಸಿ ಕುಗ್ಗಿಸುವ ವಿಧಾನವೇ ಪಿಡಬ್ಲ್ಯೂಎಂ. ಹಿಂದೆ 325ರ ಬದಲು 400 ಇಟ್ಟುಕೊಳ್ಳುವುದು ಲೋಡು ಏಕಾಏಕಿ ಏರಿದಾಗ, ವೋಲ್ಟೇಜು ತುಸು ಕುಸಿದಾಗ ಅಲೆಯ ತಲೆ ಕತ್ತರಿಸಿಹೋಗಬಾರದೆಂದು.

ಹೀಗೆ ಬಂದ ತುಂಡುತುಂಡು ಬಡಿತವನ್ನು ನಯಗೊಳಿಸುವುದು ಚೋಕ್ (ತಂತಿಯ ಸುರುಳಿ) ಮತ್ತು ಕೆಪಾಸಿಟರ್ (ವಿದ್ಯುತ್ತನ್ನು ಕ್ಷಣಕಾಲ ತುಂಬಿಟ್ಟುಕೊಳ್ಳುವ ಭಾಗ). ಡೀಸೆಲ್ ಎಂಜಿನ್ನು ಟಕ್ ಟಕ್ ಎಂದು ಬಡಿದರೂ ಭಾರದ ಫ್ಲೈವೀಲಿನಿಂದಾಗಿ ಹಿಟ್ಟಿನ ಗಿರಣಿ ಒಂದೇ ಸಮ ತಿರುಗುತ್ತದಲ್ಲ, ಚೋಕ್ ಮಾಡುವುದು ಅದೇ ಕೆಲಸ. 1 ಮಿಲಿಹೆನ್ರಿ ಚೋಕ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿದರೆ 1,600 ಹರ್ಟ್ಸಿನ ಆಚೆಗಿನದ್ದೆಲ್ಲ ಕುಗ್ಗುತ್ತಾ ಹೋಗುತ್ತದೆ. 20,000 ಹರ್ಟ್ಸಿನ ಬಡಿತ ನೂರೈವತ್ತನೇ ಒಂದು ಪಾಲಿಗಿಳಿಯುತ್ತದೆ. ಇನ್ನೂ ನಯ ಬೇಕೆಂದು ಕೆಪಾಸಿಟರ್ ದೊಡ್ಡದು ಮಾಡುವಂತಿಲ್ಲ. 10 ಮೈಕ್ರೋಫ್ಯಾರಡ್ಡೇ 230 ವೋಲ್ಟಿನಲ್ಲಿ ಲೋಡಿಲ್ಲದಾಗಲೂ 0.7 ಆಂಪ್ ಸುಮ್ಮನೆ ಸುತ್ತಾಡಿಸುತ್ತದೆ. ಚೋಕ್ ದೊಡ್ಡದಾದರೆ ಲೋಡು ಬಿದ್ದ ಕ್ಷಣ ವೋಲ್ಟೇಜು ಕುಸಿಯುತ್ತದೆ. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುವಲ್ಲಿ ಪ್ರತ್ಯೇಕ ಚೋಕನ್ನು ಚಿಕ್ಕದಾಗಿಡಬಹುದು, ಇಲ್ಲವೇ ಬಿಡಬಹುದು. ಅದರ ಸುರುಳಿಗಳಲ್ಲೇ ಇರುವ ಚೋಕಿನಂಥ ಗುಣ, ಲೀಕೇಜ್ ಇಂಡಕ್ಟೆನ್ಸ್, ಆ ಕೆಲಸ ಮಾಡುತ್ತದೆ.

400 ವೋಲ್ಟಿನ ಬದಿಯಲ್ಲಿ ದೊಡ್ಡ ಎಲೆಕ್ಟ್ರೋಲಿಟಿಕ್ (ಒಳಗೆ ದ್ರವವಿರುವ) ಕೆಪಾಸಿಟರ್ ಕೂಡ ಬೇಕು. 50 ಹರ್ಟ್ಸಿನ ಲೋಡು ಶಕ್ತಿಯನ್ನು ಒಂದೇ ಸಮ ಎಳೆಯದೆ ಸೆಕೆಂಡಿಗೆ 100 ಸಲ ಗುಟುಕು ಗುಟುಕಾಗಿ ಎಳೆಯುತ್ತದೆ. 800 ವ್ಯಾಟ್ ಲೋಡಿಗೆ ವೋಲ್ಟೇಜಿನ ಏರಿಳಿತ 20 ವೋಲ್ಟ್ ಮೀರಬಾರದೆಂದರೆ 320 ಮೈಕ್ರೋಫ್ಯಾರಡ್ ಬೇಕು.

ಅದೇ ಬ್ರಿಜ್ಜು, ತಿರುಗಿ ಚಾರ್ಜರ್

ಕಬ್ಬಿಣದ ಪೆಟ್ಟಿಗೆಯಲ್ಲಿ ಪ್ರತ್ಯೇಕ ಚಾರ್ಜರ್ ಹುಡುಕಿದರೆ ಹೆಚ್ಚಾಗಿ ಸಿಗುವುದಿಲ್ಲ. ಕರೆಂಟು ಇರುವಾಗ ಅದೇ ಟ್ರಾನ್ಸ್‌ಫಾರ್ಮರ್ 230ನ್ನು 7 ವೋಲ್ಟಿಗೆ ಇಳಿಸುತ್ತದೆ. 7ರಿಂದ 14 ವೋಲ್ಟಿನ ಬ್ಯಾಟರಿ ತುಂಬುವುದು ಹೇಗೆ? ಕೆಳಗಿನ ಮಾಸ್ಫೆಟ್ಟುಗಳು ಸುರುಳಿಯನ್ನು ಕ್ಷಣಕಾಲ ಶಾರ್ಟ್ ಮಾಡಿ ಅದರಲ್ಲಿ ಶಕ್ತಿ ತುಂಬಿ ಬಿಡುತ್ತವೆ. ಬಿಟ್ಟ ಕೂಡಲೇ ಆ ಶಕ್ತಿ ಮೇಲಿನ ಮಾಸ್ಫೆಟ್ಟಿನೊಳಗಿನ ಡಯೋಡಿನ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮೂಲಕ ಬ್ಯಾಟರಿಗೆ ಚಿಮ್ಮುತ್ತದೆ. ಲೈನಿನಲ್ಲಿ ವೋಲ್ಟೇಜು ಬಹಳ ಕಡಿಮೆ ಇದ್ದಾಗಲೂ ಬ್ಯಾಟರಿ ಚಾರ್ಜ್ ಆಗುವುದು ಈ ಉಪಾಯದಿಂದಲೇ. ಇಡೀ ಪೆಟ್ಟಿಗೆಯಲ್ಲಿ ಇದಕ್ಕಿಂತ ಜಾಣ ವಿನ್ಯಾಸ ಇನ್ನೊಂದಿಲ್ಲ ಎನ್ನಬಹುದು.

150 ಎಎಚ್ ಬ್ಯಾಟರಿಗೆ ಹತ್ತನೇ ಒಂದು, ಅಂದರೆ 15 ಆಂಪ್ ಸರಿಯಾದ ಚಾರ್ಜು. ವೋಲ್ಟೇಜು 14.4 ಮುಟ್ಟುವವರೆಗೆ ಆಂಪ್ ಸ್ಥಿರ, ಆಮೇಲೆ ವೋಲ್ಟೇಜು ಸ್ಥಿರವಾಗಿದ್ದು ಆಂಪ್ ತಾನಾಗಿ ಇಳಿಯುತ್ತದೆ, ಕೊನೆಗೆ 13.5ರಿಂದ 13.8ರಲ್ಲಿ ನಿಲ್ಲುತ್ತದೆ. ಸೆಕೆ ಹೆಚ್ಚಿದಂತೆ ಈ ಅಂಕಿ ಡಿಗ್ರಿಗೆ 18ರಿಂದ 30 ಮಿಲಿವೋಲ್ಟಿನಂತೆ ಇಳಿಯಬೇಕು. ಇಳಿಯದಿದ್ದರೆ ಬೇಸಿಗೆಯಲ್ಲಿ ನೀರು ಬೇಗ ಬತ್ತುತ್ತದೆ.

ಎಲ್ಲಿ ಕೆಡುತ್ತದೆ

ಮೊದಲು ನೋಡಬೇಕಾದದ್ದು ಬ್ಯಾಟರಿಯ ಟರ್ಮಿನಲ್. ಹಸಿರು-ಬಿಳಿ ಕಿಲುಬು ಹಿಡಿದು 10 ಮಿಲಿಓಮ್ ಸೇರಿಕೊಂಡರೆ 59 ಆಂಪಿಗೆ 0.6 ವೋಲ್ಟ್, 35 ವ್ಯಾಟ್ ಅಲ್ಲೇ ಸುಡುತ್ತದೆ. ಲೋಡು ಹಾಕಿ ಅರ್ಧ ಗಂಟೆಯಾದ ಮೇಲೆ ಟರ್ಮಿನಲ್ ಮುಟ್ಟಲಾರದಷ್ಟು ಬಿಸಿಯಿದ್ದರೆ ಕಾರಣ ಇದೇ.

ಮಾಸ್ಫೆಟ್ ಸುಟ್ಟಾಗ ಸುಟ್ಟದ್ದನ್ನು ಮಾತ್ರ ಬದಲಿಸಿದರೆ ವಾರದಲ್ಲಿ ಮತ್ತೆ ಸುಡುವುದುಂಟು. ಒಂದು ಬದಿಯ ಎಲ್ಲವನ್ನೂ ಒಂದೇ ಬ್ಯಾಚಿನದ್ದು ಹಾಕಬೇಕು, ಗೇಟಿನ (ಮಾಸ್ಫೆಟ್ಟನ್ನು ಆನ್-ಆಫ್ ಮಾಡುವ ಕಾಲು) 10ರಿಂದ 22 ಓಮಿನ ರೆಸಿಸ್ಟರುಗಳನ್ನು ಅಳೆಯಬೇಕು. ನಿಜವಾದ ಕಳ್ಳ ಬಹಳ ಸಲ ಒಂದು ಪುಟ್ಟ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಮೇಲಿನ ಮಾಸ್ಫೆಟ್ಟಿನ ಗೇಟಿಗೆ ಶಕ್ತಿ ಕೊಡುವ ಅದು ಬಿಸಿಗೆ ಒಣಗಿದರೆ ಗೇಟಿಗೆ 12 ವೋಲ್ಟಿನ ಬದಲು ಆರೇಳು ವೋಲ್ಟ್ ಸಿಗುತ್ತದೆ, ಮಾಸ್ಫೆಟ್ ಅರ್ಧಂಬರ್ಧ ಆನ್ ಆಗಿ ಕಾದು ಸಾಯುತ್ತದೆ. ಎಲೆಕ್ಟ್ರೋಲಿಟಿಕ್ ಸುತ್ತ 10 ಡಿಗ್ರಿ ಬಿಸಿ ಏರಿದರೆ ಅದರ ಆಯುಷ್ಯ ಅರ್ಧವಾಗುತ್ತದೆ. ಧೂಳು ಹಿಡಿದ ಕೂಲಿಂಗ್ ಫ್ಯಾನಿಗೂ ಸತ್ತ ಮಾಸ್ಫೆಟ್ಟಿಗೂ ಇರುವ ಸಂಬಂಧ ಇದು.

ರಿಪೇರಿ ಮುಗಿದ ಮೇಲೆ ಬ್ಯಾಟರಿಯನ್ನು ನೇರವಾಗಿ ಜೋಡಿಸದೆ, ವಾಹನದ 12 ವೋಲ್ಟ್ 21 ವ್ಯಾಟ್ ಇಂಡಿಕೇಟರ್ ಬಲ್ಬನ್ನು ಸೀರೀಸಿನಲ್ಲಿ ಹಾಕಿ, ಲೋಡಿಲ್ಲದೆ ಆನ್ ಮಾಡಿ. ಬಲ್ಬು ಜೋರಾಗಿ ಉರಿದರೆ ಇನ್ನೂ ಶಾರ್ಟ್ ಇದೆ. 400 ವೋಲ್ಟಿನ ಪೆಟ್ಟಿಗೆಯಾದರೆ ಎಲ್ಲ ಬಿಚ್ಚಿದ ಮೇಲೂ ಕೆಪಾಸಿಟರಿನಲ್ಲಿ ಕೊಲ್ಲುವಷ್ಟು ಶಕ್ತಿ ಉಳಿದಿರುತ್ತದೆ. 10 ಕಿಲೋಓಮ್ 10 ವ್ಯಾಟ್ ರೆಸಿಸ್ಟರನ್ನು ಅದರ ತುದಿಗಳಿಗೆ ಅರ್ಧ ನಿಮಿಷ ಹಿಡಿದು, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕಬೇಕು.

ಮಧ್ಯಾಹ್ನ ಬದುಕಿದ ಕಂಪ್ಯೂಟರ್ ಸಂಜೆ ಸತ್ತದ್ದೇಕೆ

ಕರೆಂಟು ಹೋದುದನ್ನು ಪತ್ತೆ ಹಚ್ಚಲು ಕೆಲವು ಮಿಲಿಸೆಕೆಂಡು ಬೇಕು, ರಿಲೇಯ ನಾಲಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಲು ಇನ್ನಷ್ಟು. ಮನೆಯ ಪೆಟ್ಟಿಗೆಯ ಹಿಂದೆ ಒಂದು ಪುಟ್ಟ ಸ್ವಿಚ್ಚಿರುತ್ತದೆ. ನಾರ್ಮಲ್ ಮೋಡಿನಲ್ಲಿ ಲೈನು ಸುಮಾರು 100ರಿಂದ 290 ವೋಲ್ಟಿನವರೆಗೆ ಎಲ್ಲಿದ್ದರೂ ಒಪ್ಪಿಕೊಳ್ಳುತ್ತದೆ, ಬದಲಾಗಲು 40 ಮಿಲಿಸೆಕೆಂಡಿನವರೆಗೂ ತೆಗೆದುಕೊಳ್ಳಬಹುದು. ಯುಪಿಎಸ್ ಮೋಡಿನಲ್ಲಿ 180ರಿಂದ 260ರ ಒಳಗೆ ಮಾತ್ರ ಒಪ್ಪಿಗೆ, ಇನ್ವರ್ಟರಿನ ಅಲೆ ಲೈನಿನ ಅಲೆಗೆ ಹೆಜ್ಜೆ ಹೊಂದಿಸಿಕೊಂಡು ಕಾಯುತ್ತಿರುತ್ತದೆ, ಬದಲಾವಣೆ 10ರಿಂದ 15 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ.

ಈ ಬಿಡುವಿನಲ್ಲಿ ಕಂಪ್ಯೂಟರನ್ನು ಹಿಡಿದಿಡುವುದು ಅದರ ಪವರ್ ಸಪ್ಲೈ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್. ಅದು 330 ಮೈಕ್ರೋಫ್ಯಾರಡ್ಡಿನದ್ದು, 250 ವೋಲ್ಟಿಗಿಂತ ಕೆಳಗಿಳಿದರೆ ಎಸ್‌ಎಂಪಿಎಸ್ ಕೈಬಿಡುತ್ತದೆ ಎಂದಿಟ್ಟುಕೊಳ್ಳಿ. ಮಧ್ಯಾಹ್ನ ಲೈನಿನಲ್ಲಿ 230 ವೋಲ್ಟ್, ಕೆಪಾಸಿಟರ್ 325ರವರೆಗೆ ತುಂಬಿದೆ. 325ರಿಂದ 250ಕ್ಕೆ ಇಳಿಯುವಷ್ಟರಲ್ಲಿ ಅದು ಕೊಡುವುದು 7.1 ಜೂಲ್. 150 ವ್ಯಾಟ್ ಎಳೆಯುವ ಕಂಪ್ಯೂಟರಿಗೆ ಇದು 47 ಮಿಲಿಸೆಕೆಂಡಿಗೆ ಸಾಕು. ಸಂಜೆ ಎಲ್ಲರ ಮನೆಯಲ್ಲೂ ಲೋಡು, ಲೈನು 190ಕ್ಕೆ ಇಳಿದಿದೆ, ಕೆಪಾಸಿಟರ್ ತುಂಬಿರುವುದು 269ರವರೆಗೆ ಮಾತ್ರ. ಬಳಕೆಗೆ ಸಿಗುವುದು 1.6 ಜೂಲ್, ಅಂದರೆ ಬರೀ 11 ಮಿಲಿಸೆಕೆಂಡು. ನಾರ್ಮಲ್ ಮೋಡಿನಲ್ಲಿ ರಿಲೇಗೆ 40 ಬೇಕಾಗಬಹುದು. ನಡುವೆ ಕಂಪ್ಯೂಟರ್ ಸಾಯುತ್ತದೆ. ಪಿಎಫ್‌ಸಿ ಎಂಬ, ಒಳಬರುವ ವೋಲ್ಟೇಜನ್ನು ಏರಿಸಿ ಸರಿಪಡಿಸುವ ಸರ್ಕ್ಯೂಟು ಇರುವ ಒಳ್ಳೆಯ ಎಸ್‌ಎಂಪಿಎಸ್ ಲೈನು ಎಷ್ಟಿದ್ದರೂ ಒಳಗೆ 380-400 ವೋಲ್ಟ್ ಕಾಪಾಡಿಕೊಳ್ಳುವುದರಿಂದ ಅದಕ್ಕೆ ಈ ಸಂಜೆಯ ಭಯವಿಲ್ಲ.

ಆನ್‌ಲೈನ್ ಯುಪಿಎಸ್‌ನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅದು ಯಾವಾಗಲೂ ಲೈನಿನ ಎಸಿಯನ್ನು ಡಿಸಿ ಮಾಡಿ, ಮತ್ತೆ ಎಸಿ ಮಾಡಿಯೇ ಕೊಡುತ್ತಿರುತ್ತದೆ. ಕರೆಂಟು ಹೋದರೆ ನಡುವಿನ ಡಿಸಿಗೆ ಬ್ಯಾಟರಿ ಹೆಗಲು ಕೊಡುತ್ತದೆ, ಬಿಡುವು ಸೊನ್ನೆ. ಆದರೆ ಎರಡು ಸಲ ಬದಲಾಯಿಸುವಾಗ ಹತ್ತಿರ ಹತ್ತಿರ ಶೇ. 10 ಕಳೆಯುತ್ತದೆ. 1,000 ವ್ಯಾಟ್ ಲೋಡನ್ನು ಹಗಲೂ ರಾತ್ರಿ ಹೊತ್ತರೆ ದಿನಕ್ಕೆ 2.7 ಯೂನಿಟ್ ಬರೀ ಬಿಸಿ. ಆಸ್ಪತ್ರೆಯ ಯಂತ್ರಕ್ಕೆ, ಸರ್ವರ್ ಕೋಣೆಗೆ ಸರಿ, ಮನೆಯ ಒಂದು ಕಂಪ್ಯೂಟರಿಗೆ ದುಬಾರಿ.

ಮನೆಯಲ್ಲಿ ಮೊದಲು ಮಾಡಬೇಕಾದದ್ದು ಆ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕುವುದು. ಬಿಡುವು 10ರಿಂದ 15ಕ್ಕೆ ಇಳಿದು ಕಂಪ್ಯೂಟರ್ ಉಳಿಯುವ ಸಾಧ್ಯತೆ ಹೆಚ್ಚುತ್ತದೆ, ಸಂಜೆಯ ಆ 11 ಮಿಲಿಸೆಕೆಂಡಿಗೆ ಪೂರ್ತಿ ಖಾತರಿ ಮಾತ್ರ ಇಲ್ಲ. ಸಂಜೆ ಲೈನು ದಿನವೂ 180ರ ಕೆಳಗಿಳಿಯುವ ಊರಾದರೆ ಅದರಲ್ಲೊಂದು ತೊಡಕಿದೆ: ಕರೆಂಟು ಇದ್ದರೂ ಪೆಟ್ಟಿಗೆ ಬ್ಯಾಟರಿಗೆ ಹೋಗಿ ಕೂರುತ್ತದೆ, ನಿಜವಾಗಿ ಕರೆಂಟು ಹೋಗುವ ಹೊತ್ತಿಗೆ ಬ್ಯಾಟರಿ ಖಾಲಿ. ಅಂಥ ಕಡೆ ಮನೆಗೆ ನಾರ್ಮಲ್ ಮೋಡ್ ಬಿಟ್ಟು, ಕಂಪ್ಯೂಟರಿಗೆ ಮಾತ್ರ 600 ವಿಎಯ (ವೋಲ್ಟ್-ಆಂಪಿಯರ್) ಸಣ್ಣ ಲೈನ್-ಇಂಟರಾಕ್ಟಿವ್ ಯುಪಿಎಸ್ ಬೇರೆ ಇಡುವುದು ಮೇಲು. ಅದು ತಗ್ಗಿದ ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ಟ್ಯಾಪ್ (ಸುರುಳಿಗೆ ವೈರು ಸೇರುವ ಜಾಗ) ಬದಲಿಸಿ ತಾನೇ ಎತ್ತಿಕೊಡುತ್ತದೆ, ದೊಡ್ಡ ಪೆಟ್ಟಿಗೆಯ 40 ಮಿಲಿಸೆಕೆಂಡನ್ನೂ ತನ್ನ ಪುಟ್ಟ ಬ್ಯಾಟರಿಯಿಂದ ದಾಟಿಸುತ್ತದೆ. ಮನೆಯ ಇನ್ವರ್ಟರ್ ಸೈನ್ ವೇವ್ ಆಗಿದ್ದರೆ ಮಾತ್ರ ಈ ಜೋಡಿ ಹೊಂದುತ್ತದೆ. ಸ್ಕ್ವೇರ್ ವೇವ್ ಆಗಿದ್ದರೆ ಸಣ್ಣ ಯುಪಿಎಸ್ ಅದನ್ನು ಕರೆಂಟು ಎಂದು ಒಪ್ಪದೆ, ತನ್ನ 7 ಎಎಚ್ ಬ್ಯಾಟರಿಯನ್ನು ಕೆಲವೇ ನಿಮಿಷದಲ್ಲಿ ಮುಗಿಸಿ ಬೀಪ್ ಬೀಪ್ ಎನ್ನುತ್ತಾ ನಿಲ್ಲುತ್ತದೆ.